ಉಡಿ ತುಂಬಿ ಕಳಿಸಿದ ಹಾಡಿನ ಪೆಟ್ಟಿಗೆ

ಹೋದ ವಾರ ಕೊಪ್ಪಳದಿಂದ ಗಂಗಾವತಿಗೆ ಮರಳುವಾಗ ಬಸ್ಸು ಹಿಟ್ನಾಳದಲ್ಲಿ ನಿಂತಿತ್ತು. ರಸ್ತೆಗೆ ಹೊಂದಿಕೊಂಡ ಮನೆಯ ಮುಂದೆ ಯಾರೋ ಪಂಚಮಿಗೆಂದು ಜೋಳದ ಅಳ್ಳು ಹುರಿಯುತ್ತಿದ್ದರು. ಬಿಸಿ ಬಾಣಲೆಯಲ್ಲಿ ಕಾಳು ಒಡೆದು ಅರಳುವ ವಾಸನೆ ಕಿಟಕಿಯಿಂದ ಒಳಗೆ ಬಂತು. ಅದರ ಬೆನ್ನಿಗೇ ಸೀಮೆಎಣ್ಣೆಯಲ್ಲಿ ನೆನೆಸಿದ ಹಳೆಯ ಗ್ರೀಸಿನ ವಾಸನೆಯೂ ಬಂತು. ಎರಡನೆಯದು ಬಸ್ಸಿನದೇ ಇರಬಹುದು. ಆದರೆ ಒಂದು ಮಳೆಗಾಲದಿಂದ ಈಚೆಗೆ ನನ್ನ ಮೂಗಿನಲ್ಲಿ ಈ ಎರಡೂ ಒಟ್ಟಿಗೇ ಇರುತ್ತವೆ. ಒಂದು ಬಂದರೆ ಇನ್ನೊಂದನ್ನು ನಾನೇ ಹುಡುಕಿ ತಂದುಕೊಳ್ಳುತ್ತೇನೋ ಏನೋ.

ಆ ಮಳೆಗಾಲದ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದು ಸ್ವಲ್ಪ ಸ್ವಲ್ಪ ನುಣುಪಾಗಿದೆ, ಅದೇ ನನ್ನ ಚಿಂತೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ಬೇರೆಯವರ ನೆನಪುಗಳನ್ನು ಅನುಮಾನಿಸುವುದು ಕಲಿತೆ. ನನ್ನ ನೆನಪನ್ನು ಅನುಮಾನಿಸುವುದನ್ನು ಕಲಿಸಿದವನು ಶೇಖರ, ನನ್ನ ಗಂಡ. ಅವನು ನನ್ನ ಸೋದರಮಾವನ ಮಗನೂ ಹೌದು. ಚಿಕ್ಕಂದಿನ ಏಕವಚನ ಮದುವೆಯಾದ ಮೇಲೂ ಬಿಟ್ಟುಹೋಗಲಿಲ್ಲ. ಗಂಗಾವತಿಯಲ್ಲಿ ಅವನದೊಂದು ಲೇಥ್ ಅಂಗಡಿಯಿದೆ, ಅಕ್ಕಿ ಗಿರಣಿಗಳ ಸವೆದ ಭಾಗಗಳನ್ನು ಮಾಡಿಕೊಡುತ್ತಾನೆ. ಈಗ ಬರೆಯುತ್ತಿರುವುದನ್ನು ಅವನಿಗೆ ಓದಿ ಹೇಳಿದರೆ ಕನಿಷ್ಠ ನಾಲ್ಕು ಕಡೆ "ಹಂಗಲ್ಲ" ಅನ್ನುತ್ತಾನೆ.

ಆ ವರ್ಷದ ಹೊತ್ತಿಗೆ ನಮ್ಮ ಮನೆಯಲ್ಲಿ ಹಳೆಯ ರೆಕಾರ್ಡ್ ಪ್ಲೇಯರುಗಳು ಮೂರಿದ್ದವು. ಒಂದು ಕೊಪ್ಪಳದ ಗುಜರಿಯದು, ಇನ್ನೊಂದು ಕುಷ್ಟಗಿಯಲ್ಲಿ ಮುಚ್ಚಿಹೋದ ಮೈಕ್‌ಸೆಟ್ ಅಂಗಡಿಯ ಅಟ್ಟದಿಂದ ಬಂದದ್ದು. ಮೂರನೆಯದನ್ನು ಶ್ರೀರಾಮನಗರದ ತೆಲುಗು ಮನೆಯವರು ಕೊಟ್ಟಿದ್ದರು. ಅದರ ಪ್ಲಾಸ್ಟಿಕ್ ಮುಚ್ಚಳದಲ್ಲಿ ಅವರು ಮೆಣಸಿನಕಾಯಿ ಒಣಗಿಸುತ್ತಿದ್ದುದರಿಂದ ತೊಳೆದು ಬಿಚ್ಚುವಷ್ಟರಲ್ಲಿ ಇಬ್ಬರಿಗೂ ಸೀನು ಬಂದು ಸಾಕಾಗಿತ್ತು. ಮೂರೂ ಕರೆಂಟಿನವು, ಮೂರೂ ನಮ್ಮ ಕೈಯಲ್ಲಿ ಮತ್ತೆ ಹಾಡಿದ್ದವು. ಚಾವಿ ಕೊಟ್ಟು ಓಡಿಸುವ ಗ್ರಾಮಫೋನ್ ಮಾತ್ರ ಎಲ್ಲಿಯೂ ಸಿಕ್ಕಿರಲಿಲ್ಲ. ಅದರ ಆಸೆ ನನಗೆ ಎಷ್ಟಿತ್ತೆಂದರೆ ಯಾರ ಮನೆಗೆ ಹೋದರೂ ಮೊದಲು ಅಟ್ಟದ ಕಡೆ ಕಣ್ಣು ಹೋಗುತ್ತಿತ್ತು.

ನಾನು ಹುಲಿಹೈದರದ ಆಚೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಆ ಬೇಸಿಗೆ ನಮ್ಮನ್ನೆಲ್ಲ ಮನೆಮನೆ ಸಮೀಕ್ಷೆಗೆ ಹಾಕಿದ್ದರು. ಬಿಸಿಲಲ್ಲಿ ಅಲೆದು ದ್ಯಾಮವ್ವನ ಮನೆಯ ಕಟ್ಟೆಗೆ ಬಂದು ಕೂತೆ. ದ್ಯಾಮವ್ವ ಎಪ್ಪತ್ತು ದಾಟಿದ ಗಟ್ಟಿ ಹೆಂಗಸು, ಮಗ ಯಮನೂರಪ್ಪ ಸ್ವಂತದ ತುಂಡು ಹೊಲದ ಜೊತೆ ಗಾರೆ ಕೆಲಸವನ್ನೂ ಮಾಡುವವನು. ಮನೆಯಲ್ಲಿ ಏನೇನಿದೆ ಎಂದು ಒಂದೊಂದಾಗಿ ಕೇಳುತ್ತಿದ್ದೆ. ಟಿ.ವಿ. ಇತ್ತು, ಬೈಕ್ ಇತ್ತು, ಫ್ರಿಜ್ ಇರಲಿಲ್ಲ.

"ಹಾಡೋ ಪೆಟ್ಟಿಗಿ ಐತ್ರಿ ಅಕ್ಕೋರ, ಅದನ್ನ ಬರಕೊಂತೀರೇನು?" ಎಂದಳು ದ್ಯಾಮವ್ವ. ನಮ್ಮ ಕಡೆ ಹೆಣ್ಣು ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು ರೂಢಿ.

"ರೇಡಿಯೋ ಏನವ್ವಾ?"

"ರೇಡಿಯೋ ಅಲ್ರಿ. ಚಾವಿ ತಿರುವಿದ್ರ ಹಾಡತಿತ್ತು. ಈಗ ಮುನಿಸಿಕೊಂಡೈತಿ."

ಆಮೇಲಿನ ಪ್ರಶ್ನೆಗಳನ್ನು ನಾನು ಕೇಳಿದೆನೋ ಇಲ್ಲವೋ ನೆನಪಿಲ್ಲ. ಒಳಗೆ ಜೋಳದ ಚೀಲಗಳ ಹಿಂದೆ, ಹಳೆಯ ಕೌದಿ ಹೊದ್ದು ಅದು ಕೂತಿತ್ತು. ಸಾಗವಾನಿಯ ಪೆಟ್ಟಿಗೆ, ಮುಂದೆ ಪುಟ್ಟ ಜೋಡಿ ಬಾಗಿಲು. ಸದ್ದು ಹೊರಡುವ ಕಹಳೆ ಪೆಟ್ಟಿಗೆಯ ಒಳಗೇ ಅಡಗಿರುವ ಮಾದರಿ. ಮುಚ್ಚಳ ಎತ್ತಿದೆ. ರೆಕಾರ್ಡ್ ಕೂಡುವ ತಟ್ಟೆಯ ಮೇಲಿನ ಹಸಿರು ಬಟ್ಟೆಯನ್ನು ಇಲಿ ಕಡಿದಿತ್ತು, ಚಾವಿ ಸಿಕ್ಕಿಕೊಂಡಿತ್ತು. ನಾನು ಅದರ ಮುಂದೆ ನೆಲಕ್ಕೇ ಕೂತುಬಿಟ್ಟದ್ದನ್ನು ಯಮನೂರಪ್ಪ ನೋಡಿ, "ಅಕ್ಕೋರಿಗೆ ಬಿಸಲು ಹತ್ತೇತಿ ಬೇ, ನೀರು ಕೊಡು" ಎಂದ.

ಆ ಪೆಟ್ಟಿಗೆ ಆ ಮನೆಗೆ ಹೇಗೆ ಬಂತು ಎಂಬುದಕ್ಕೆ ಎರಡು ಕಥೆಗಳಿವೆ. ಅಪ್ಪ ಅದನ್ನು ಸಂತೆಯಲ್ಲಿ ತಂದದ್ದು ಎಂದು ಯಮನೂರಪ್ಪ ಹೇಳುತ್ತಾನೆ. ದ್ಯಾಮವ್ವನದು ಬೇರೆ. ಅವಳ ತವರು ಯಲಬುರ್ಗಾ ಕಡೆ. ಮದುವೆಯಾಗಿ ಬರುವಾಗ ಅವಳಪ್ಪ ಚಕ್ಕಡಿಯಲ್ಲಿ ಮಗಳ ಜೊತೆ ಪೆಟ್ಟಿಗೆಯನ್ನೂ ಕೂಡಿಸಿ ಕಳಿಸಿದ. ಅವ್ವ ಮಗಳ ಮಡಿಲಿಗೆ ಅಕ್ಕಿ ಸುರಿದು ಉಡಿ ತುಂಬಿದವಳು, ಪೆಟ್ಟಿಗೆಯೊಂದೇ ಬರಿದಾಗಿ ಹೋಗುತ್ತದೆ ಅನ್ನಿಸಿ ಅದಕ್ಕೂ ತುಂಬಿದಳು. ನಾನು ಎರಡನ್ನೂ ಬರೆದಿಟ್ಟುಕೊಂಡೆ. ಎರಡನೆಯದನ್ನು ನಂಬಿದೆ. ಯಾಕೆ ನಂಬಿದೆ ಎಂದರೆ ಅದು ಚಂದ ಇತ್ತು, ಅಷ್ಟೇ.

ಹಳೆಯ ಮಣ್ಣಿನ ಮನೆ ಕೆಡವಿ ಹೊಸದು ಕಟ್ಟುವವರಿದ್ದರು. ಪೆಟ್ಟಿಗೆಯನ್ನು ಎಲ್ಲಿಡುವುದು ಎಂಬ ಮಾತು ಬಂತು. ಕೊಡುತ್ತೀರಾ ಎಂದು ನಾನು ಕೇಳಿಯೇಬಿಟ್ಟೆ, ಬೆಲೆಯನ್ನೂ ಕೇಳಿದೆ.

"ಮಗಳನ್ನ ಮಾರತಾರೇನ್ರಿ?" ಎಂದಳು ದ್ಯಾಮವ್ವ. ಆಮೇಲೆ, "ಕೊಟ್ಟು ಕಳಸ್ತೀನಿ. ಆದ್ರ ಹಾಡಸಬೇಕು. ನಿಮ್ಮ ಕೈಲೆ ಆಗಲಿಲ್ಲ ಅಂದ್ರ ತಂದು ಬಿಟ್ಟುಬಿಡ್ರಿ, ಮೂಕ ಆದ್ರೂ ನಮ್ಮ ಮನ್ಯಾಗ ಇರಲಿ" ಎಂದಳು.

ಒಪ್ಪಿಕೊಂಡೆ. ಆ ಹೊತ್ತಿನಲ್ಲಿ ಏನು ಹೇಳಿದ್ದರೂ ಒಪ್ಪುತ್ತಿದ್ದೆ.

ಕಾರಹುಣ್ಣಿಮೆಯ ಆಸುಪಾಸು ಶೇಖರ ಸಣ್ಣ ಟೆಂಪೋ ತಂದ. ಪೆಟ್ಟಿಗೆಯನ್ನು ಹೊರಗೆ ತಂದಿಟ್ಟಾಗ ದ್ಯಾಮವ್ವ ಮೊರದ ತುಂಬ ಅಕ್ಕಿ, ಅರಿಷಿಣದ ಕೊಂಬು, ಉತ್ತತ್ತಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ ಹಿಡಿದು ಬಂದಳು. ಮುಚ್ಚಳ ತೆಗೆಸಿ ಪೆಟ್ಟಿಗೆಗೆ ಕುಂಕುಮ ಹಚ್ಚಿ, ಐದು ಸಲ ಬೊಗಸೆ ತುಂಬಿ ಅಕ್ಕಿಯನ್ನು ತಟ್ಟೆಯ ಮೇಲೆ ಸುರಿದಳು. ಓಣಿಯ ಹೆಂಗಸರು ಸೋಬಾನೆ ಹಾಡಿದರು. ಯಾರೋ ಒಬ್ಬಾಕೆ ಶೇಖರನಿಗೆ, "ಅಳಿಯಾರ, ಛಲೋ ನೋಡಿಕೊಳ್ರಿ" ಎಂದರೆ ಇನ್ನೊಬ್ಬಾಕೆ, "ಅಳಿಯ ಅಲ್ಲಬೇ, ಅವರು ಮಾವ. ಅಕ್ಕೋರು ಅತ್ತಿ" ಎಂದು ತಿದ್ದಿದಳು. ನಾನು ನಗುತ್ತ ಫೋಟೋ ತೆಗೆದೆ. ಆ ಫೋಟೋ ಈಗಲೂ ಇದೆ. ಅದರಲ್ಲಿ ಅಕ್ಕಿ ತಟ್ಟೆಯ ಅಂಚು ದಾಟಿ, ವೇಗ ಹೊಂದಿಸುವ ಸೀಳಿನೊಳಗೆ ಇಳಿಯುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಯಂತ್ರ ಬಿಚ್ಚಿ ಜೋಡಿಸುವ ಇಬ್ಬರು ಎದುರಿಗೇ ನಿಂತಿದ್ದೆವು. ಇಬ್ಬರಿಗೂ ಅದು ಕಾಣಲಿಲ್ಲ.

ಕನಕಗಿರಿ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಆ ವರ್ಷದ ಮೊದಲ ದೊಡ್ಡ ಮಳೆ. ಟೆಂಪೋದ ಹಿಂದೆ ತಾಡಪತ್ರಿ ಹೊದೆಸಿದ ಪೆಟ್ಟಿಗೆಯನ್ನು ತಬ್ಬಿಕೊಂಡು ನಾನು ಪೂರಾ ತೊಯ್ದೆ. ಅಷ್ಟು ಖುಷಿಯಾಗಿ ಯಾವತ್ತೂ ತೊಯ್ದಿಲ್ಲ.

ಮರುದಿನವೇ ಬಿಚ್ಚಲು ಕೂತೆವು. ಅಕ್ಕಿ ಎಲ್ಲೆಲ್ಲೂ ಇತ್ತು. ಹಲ್ಲಿನ ಚಕ್ರಗಳ ನಡುವೆ, ಕಹಳೆಯ ಹೊಟ್ಟೆಯಲ್ಲಿ, ಸ್ಕ್ರೂ ತೆಗೆದ ತೂತುಗಳಲ್ಲಿ. ಉಡಿ ಅಕ್ಕಿಯನ್ನು ಪಾಯಸ ಮಾಡಿ ಉಣ್ಣಬೇಕು. ಇದಕ್ಕೆ ಗ್ರೀಸ್ ಹತ್ತಿತ್ತು. "ಪೆಟ್ರೋಲ್ ಬಂಕಿನ ಪಾಯಸ ಆಕ್ಕೈತಿ" ಎಂದ ಶೇಖರ. ಮೆತ್ತಿದ್ದನ್ನು ಗಿಡದ ಬುಡಕ್ಕೆ ಹಾಕಿ, ಒಳ್ಳೆಯದನ್ನು ಆರಿಸಿ ಡಬ್ಬಿಯಲ್ಲಿಟ್ಟೆ.

ಜೂನ್, ಜುಲೈ ಪೂರಾ ಅದೇ ಧ್ಯಾನ. ಕಾಲುವೆಗೆ ನೀರು ಬಿಟ್ಟಿದ್ದರು. ಗಂಗಾವತಿಯ ಸುತ್ತ ಗದ್ದೆಗಳಲ್ಲಿ ನಾಟಿ ನಡೆದಿತ್ತು, ಗಾಳಿಯಲ್ಲಿ ಕೆಸರಿನ ವಾಸನೆ. ಶಾಲೆ ಬಿಟ್ಟು ಬಸ್ಸಿಳಿದರೆ ಮನೆಗಿಂತ ಮೊದಲು ಶೇಖರನ ಅಂಗಡಿಗೆ ಹೋಗುತ್ತಿದ್ದೆ. ಒಣಗಿ ಅರಗಿನಂತಾಗಿದ್ದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಕೆರೆದೆವು. ಮುಳ್ಳು ಕೂಡುವ ಸೌಂಡ್ ಬಾಕ್ಸಿನೊಳಗೆ ಕಾಗದಕ್ಕಿಂತ ತೆಳ್ಳನೆಯ ಅಭ್ರಕದ ಬಿಲ್ಲೆ ಅದೃಷ್ಟಕ್ಕೆ ಇಡಿಯಾಗಿತ್ತು. ಅದರ ಸುತ್ತಲ ರಬ್ಬರು ಕಲ್ಲಾಗಿತ್ತು. ಸೈಕಲ್ ಅಂಗಡಿಯಿಂದ ವಾಲ್ವ್ ಟ್ಯೂಬು ತಂದು, ಉಂಗುರದಂತೆ ಬಳಸಿ ಕೂಡಿಸಿದೆ. ಫೋನಿನಲ್ಲಿ ವಿಡಿಯೋ ನೋಡಿ ಕಲಿತದ್ದು ಇದು. ಸ್ಪ್ರಿಂಗಿನ ಡಬ್ಬಿಯನ್ನು ಮಾತ್ರ ನಿಧಾನ ಬಿಚ್ಚು ಎಂದು ನಾನು ಬೇಡಿಕೊಂಡರೂ ಶೇಖರ ಕೇಳಲಿಲ್ಲ. "ಹಾರ್ವೆಸ್ಟರ್ ಬಿಚ್ಚಿದಾಂವ ನಾ" ಎನ್ನುತ್ತಿದ್ದಂತೆ ಸ್ಪ್ರಿಂಗು ಬುಸ್ಸೆಂದು ಸುರುಳಿ ಬಿಚ್ಚಿ ಎದ್ದಿತು. ಅವನು ಒಂದೇ ನೆಗೆತಕ್ಕೆ ಮೇಜಿನ ಮೇಲಿದ್ದ.

"ಪಂಚಮಿ ಇನ್ನೂ ದೂರ ಐತಿ ಮಾವ" ಎಂದೆ. "ಈಗ ಹಾಲು ಎರೀತಿಯೇನು?"

"ನಗು ನೀ. ಕಣ್ಣು ಹೋಗಿದ್ರ ಪೆಟ್ಟಿಗಿನ ಹಿಡಕೊಂಡು ನಡೀಬೇಕಾಗ್ತಿತ್ತು ನಾ."

ಹೀಗೆ ಎಲ್ಲ ಭಾಗಗಳೂ ಚಾದರದ ಮೇಲೆ ಹರಡಿಕೊಂಡಿದ್ದಾಗ, ಆಷಾಢ ಮುಗಿಯಲು ಬಂದ ಒಂದು ಭಾನುವಾರ, ಯಮನೂರಪ್ಪ ನಮ್ಮ ಮನೆ ಬಾಗಿಲಿಗೆ ಬಂದ. ಬಿಳಿ ಅಂಗಿ, ಹೆಗಲ ಮೇಲೆ ಹೊಸ ಟವಲ್, ಕೈಯಲ್ಲಿ ಬಾಳೆಹಣ್ಣು. ನೀರು ಕೊಟ್ಟು ಕೂಡಿಸಿದೆ.

"ಪಂಚಮಿಗೆ ಕರಿಯಾಕ ಬಂದೀನ್ರಿ ಅಕ್ಕೋರ" ಎಂದ.

ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಅಣ್ಣತಮ್ಮಂದಿರು ಬರುತ್ತಾರೆ, ನನಗೆ ಅವರಿಲ್ಲ. ಅವ್ವ ತೀರಿದ ಮೇಲೆ ಪಂಚಮಿಗೆ ಕರೆಯಲು ನಮ್ಮ ಬಾಗಿಲಿಗೆ ಯಾರೂ ಬಂದಿರಲಿಲ್ಲ. "ಬರಬೇಕಂತ ಭಾಳ ಐತ್ರಿ" ಎಂದೆ, "ಆದ್ರ ಎಷ್ಟು ದಿನ ಇರಾಕ ಆಕ್ಕೈತೋ ಏನೋ, ಸಾಲಿ ಇರತೈತಲ್ರಿ."

ಅವನು ಮುಜುಗರದಿಂದ ಟವಲ್ ಸರಿಮಾಡಿಕೊಂಡ. "ನಿಮ್ಮನ್ನಲ್ರಿ ಅಕ್ಕೋರ. ಪೆಟ್ಟಿಗಿನ."

ಶೇಖರ ಒಳಗೆ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

"ಹೊಸ ಮನ್ಯಾಗ ಮೊದಲನೇ ಪಂಚಮಿ ನೋಡ್ರಿ" ಎಂದು ಯಮನೂರಪ್ಪ ಮುಂದುವರಿಸಿದ. "ಉಡಿ ತುಂಬಿ ಕಳಿಸಿದ ಮ್ಯಾಲೆ ವರ್ಷಾ ಕರೀಬೇಕು ಅಂತಾಳ ಅವ್ವ. ನೀವೂ ಬರ್ರಿ, ಬ್ಯಾಡ ಅನ್ನಂಗಿಲ್ಲ. ಎಲ್ಲೈತ್ರಿ, ಒಂದೀಟು ನೋಡಲೇನು?"

ಶೇಖರ ಅಷ್ಟರಲ್ಲಿ ಒಳಕೋಣೆಯ ಬಾಗಿಲು ಎಳೆದುಕೊಂಡು ಹೊರಬಂದಿದ್ದ. "ಜಳಕಕ್ಕ ಕುಂತಾಳಪಾ" ಎಂದ. ಯಮನೂರಪ್ಪ ನಗಲಿಲ್ಲ. ಏಳುವಾಗ ಮೆಲ್ಲಗೆ, "ಅವ್ವ ಓಣಿ ತುಂಬ ಹೇಳಿಕೊಂಡು ಬಂದಾಳ್ರಿ, ಪೆಟ್ಟಿಗಿ ಹಾಡತೈತಿ ಅಂತ. ಹಾಡದಿದ್ರ ಆಕಿ ತಿರುಗಿ ಕಳಸೂದಿಲ್ಲ" ಎಂದ.

ಅವನು ಹೋದ ಮೇಲೆ ನಾನು ಗೊಣಗಿದೆ. ಕೊಟ್ಟ ಮೇಲೆ ನಮ್ಮದಲ್ಲವೇ? ಪ್ರತಿ ವರ್ಷ ಹೀಗೆ ಹೊತ್ತುಕೊಂಡು ಹೋಗಿ ಬರುವುದಾದರೆ ಯಂತ್ರದ ಗತಿ ಏನು? ಅಲ್ಲೇ ಉಳಿಸಿಕೊಂಡರೆ?

"ಇಷ್ಟ ಲಗೂನ ಅತ್ತಿ ಬುದ್ಧಿ ಬಂತು ನೋಡು ನಿನಗ" ಎಂದ ಶೇಖರ.

ಹಾಡದ ಪೆಟ್ಟಿಗೆ ಒಯ್ದು ದ್ಯಾಮವ್ವನಿಗೆ ಮುಖ ಕೆಡಿಸುವ ಹೆದರಿಕೆ ಇತ್ತು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಈಗ ಯೋಚಿಸಿದರೆ ಅದಕ್ಕಿಂತ ಹೆಚ್ಚಾಗಿ ಪೆಟ್ಟಿಗೆಯನ್ನು ಕಳೆದುಕೊಳ್ಳುವ ಹೆದರಿಕೆಯೇ ಇತ್ತು.

ಮುಂದಿನ ದಿನಗಳು ಓಡಿದವು. ಸ್ಪ್ರಿಂಗನ್ನು ಚರ್ಮದ ಕೈಗವಸು ಹಾಕಿ ಇಬ್ಬರೂ ಸೇರಿ ಮತ್ತೆ ಸುತ್ತಿದೆವು. ಚಾವಿ ತಿರುಗಿತು, ತಟ್ಟೆಯೂ ತಿರುಗಿತು, ಆದರೆ ಒಮ್ಮೆ ಓಡುವುದು, ಒಮ್ಮೆ ತೆವಳುವುದು. ವೇಗ ಕಾಯುವ ಮೂರು ಗುಂಡುಗಳಲ್ಲಿ ಒಂದನ್ನು ನಾನು ತಿರುಗುಮುರುಗು ಕೂಡಿಸಿದ್ದೆ. ಶೇಖರ ತಪ್ಪು ಆ ಗುಂಡುಗಳು ಕೂತ ಕಡ್ಡಿಯದು ಎಂದು ಹಟ ಹಿಡಿದು ಸರಿಯಿದ್ದ ಕಡ್ಡಿಯನ್ನು ಲೇಥಿಗೆ ಹಾಕಿ ಸವೆಸಿದ, ಹೊಸದು ಮಾಡಬೇಕಾಯಿತು. ಎರಡು ದಿನ ಮಾತು ಬಿಟ್ಟೆವು. ಮೂರನೆಯ ದಿನ ಮಳೆ ಸುರಿಯುತ್ತಿದ್ದ ಸಂಜೆ, ಅಂಗಡಿಯ ಅರ್ಧ ಶಟರ್ ಇಳಿಸಿಕೊಂಡು, ನನ್ನ ಬಳಿ ಇದ್ದ ಶಹನಾಯಿಯ ರೆಕಾರ್ಡ್ ಇಟ್ಟು ಮುಳ್ಳು ಇಳಿಸಿದೆ. ಮೊದಲು ಎಣ್ಣೆಗೆ ಸಾಸಿವೆ ಬಿದ್ದಂಥ ಸದ್ದು. ಆಮೇಲೆ ಶಹನಾಯಿ. ಕರೆಂಟಿಲ್ಲ, ತಂತಿಯಿಲ್ಲ, ಬರೀ ಒಂದು ಸ್ಪ್ರಿಂಗು, ಒಂದು ಮುಳ್ಳು, ಒಂದು ಅಭ್ರಕದ ಚೂರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು. ಎದುರಿನ ಗಿರಣಿಯ ಹಮಾಲರು ತಲೆಗೆ ಗೋಣಿಚೀಲ ಹೊದ್ದು ಬಂದು ಶಟರಿನ ಕೆಳಗೆ ಬಗ್ಗಿ ನೋಡಿದರು. ಶೇಖರ ಕಣ್ಣೊರೆಸಿಕೊಂಡ ಎಂದು ನನ್ನ ನೆನಪು. ಅದು ಗ್ರೀಸು ಎಂದು ಅವನ ವಾದ.

ಪಂಚಮಿಯ ದಿನ ಮೋಡವಿತ್ತು, ಮಳೆಯಿರಲಿಲ್ಲ. ಊರಿನ ಬೇವಿನ ಮರಗಳಿಗೆಲ್ಲ ಜೋಕಾಲಿ ಕಟ್ಟಿದ್ದರು. ದ್ಯಾಮವ್ವನ ಹೊಸ ಮನೆಗೆ ಇನ್ನೂ ಬಣ್ಣ ಬಿದ್ದಿರಲಿಲ್ಲ, ಗೋಡೆ ಹಸಿ ಸಿಮೆಂಟಿನ ವಾಸನೆ ಹೊಡೆಯುತ್ತಿತ್ತು. ಒಳಗಿನಿಂದ ಅಳ್ಳಿನ ವಾಸನೆ. ಪೆಟ್ಟಿಗೆಯನ್ನು ಕಟ್ಟೆಯ ಮೇಲೆ ಇಳಿಸಿದಾಗ ಅವಳು ಅದರ ಕಾಲಿಗೆ, ಅಂದರೆ ಬುಡಕ್ಕೆ, ನೀರು ಹಾಕಿ, ನಿವಾಳಿಸಿ ಒಳಗೆ ಕರೆದುಕೊಂಡಳು. ನಾವು ಚಪ್ಪಲಿ ಬಿಟ್ಟು ಹಿಂದೆ ಹೋದೆವು.

ಜೋಳದ ಚೀಲದೊಳಗೆ ಹುಗಿದಿಟ್ಟಿದ್ದ ಒಂದು ರೆಕಾರ್ಡನ್ನು ಅವಳು ತೆಗೆದಳು. ಹಳೆಯ ನಾಟಕದ ಹಾಡು. ಕಾಳಿನಲ್ಲಿ ಕೂತಿದ್ದಕ್ಕೋ ಏನೋ ಒಂದಿಷ್ಟೂ ಸೊಟ್ಟಾಗಿರಲಿಲ್ಲ. ಅಂಗಳ ತುಂಬ ಹೆಂಗಸರು ಸೇರಿದರು, ಹಬ್ಬದ ಕೊಬ್ಬರಿ ಬಟ್ಟಲಿನ ಆಟದಲ್ಲಿದ್ದ ಗಂಡಸರೂ ಬಂದರು. ಪಕ್ಕದ ಓಣಿಯ ದೊಡ್ಡ ಸ್ಪೀಕರನ್ನು ನಿಲ್ಲಿಸಲು ಯಮನೂರಪ್ಪ ಓಡಿದ. ಚಾವಿ ಕೊಟ್ಟೆ, ಮುಳ್ಳು ಇಳಿಸಿದೆ. ಒಂದು ಹೆಣ್ಣು ದನಿ, ದೂರದ ಬಾವಿಯೊಳಗಿನಿಂದ ಬಂದಂತೆ ಎದ್ದಿತು. ದ್ಯಾಮವ್ವ ಬೆರಳಿನಿಂದ ನೆಲದ ಮೇಲೆ ತಾಳ ಹಾಕತೊಡಗಿದಳು. ಸದ್ದು ಸಣ್ಣದಾದ್ದರಿಂದ ಎಲ್ಲರೂ ತಲೆ ತಲೆ ತಾಗಿಸಿ ಬಗ್ಗಿದ್ದರು.

ಹಾಡು ಅರ್ಧಕ್ಕೆ ಬಂದಿತ್ತು. ದನಿ ಎಳೆಯಿತು, ಗಂಡಸಿನದಾಯಿತು, ಗೊರಕೆಯಾಯಿತು, ನಿಂತಿತು.

ಹಿಂದಿನಿಂದ ಒಬ್ಬಾಕೆ, "ಗಂಡನ ಮನಿಯಾಗ ಹೊಟ್ಟಿಗಿ ಹಾಕಿಲ್ಲ ಕಾಣತೈತಿ" ಎಂದಳು. ಪೆಟ್ಟಿಗೆ ಇನ್ನು ಇಲ್ಲೇ ಎಂಬುದು ಮನಸ್ಸಿಗೆ ಬಂದುಹೋಯಿತು. ಶೇಖರ ಸ್ಕ್ರೂಡ್ರೈವರ್ ತೆಗೆದು ತಟ್ಟೆ ಎತ್ತಿ, ಹಲಗೆ ಬಿಚ್ಚಿ, ಟಾರ್ಚ್ ಬಿಟ್ಟ. ಚಿಮುಟ ಒಳಗೆ ಹೋಗಿ ಹೊರಗೆ ಬಂತು. ಅದರ ತುದಿಯಲ್ಲಿ ಒಂದು ಅಕ್ಕಿಕಾಳು. ಪೆಟ್ಟಿಗೆಯ ಯಾವ ಸಂದಿಯಲ್ಲಿ ಅಡಗಿತ್ತೋ, ರಸ್ತೆಯ ಕುಲುಕಿಗೆ ಜಾರಿ ಹಲ್ಲಿಗೆ ಸಿಕ್ಕಿತ್ತು.

ದ್ಯಾಮವ್ವ ಅದನ್ನು ಅಂಗೈಯಲ್ಲಿ ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದಳು. "ಅಯ್ಯ, ನಾ ತುಂಬಿದ ಉಡಿ" ಎಂದಳು. "ಇನ್ನೂ ಇಟಕೊಂಡಾಳ ನೋಡ್ರೇ ನನ್ನ ಮಗಳು." ಆಮೇಲೆ ನಕ್ಕಳು, ಎಷ್ಟು ನಕ್ಕಳೆಂದರೆ ಹೊಟ್ಟೆಗೆ ಹಾಕಿಲ್ಲ ಎಂದವಳೂ ನಗಬೇಕಾಯಿತು. ಶೇಖರ ಜೋಡಿಸಿಕೊಟ್ಟ. ಹಾಡು ಮೊದಲಿನಿಂದ ಕೊನೆಯವರೆಗೆ ಬಂತು. ಮತ್ತೆ ಬಂತು. ಮಧ್ಯಾಹ್ನದವರೆಗೆ ಆ ಒಂದೇ ಹಾಡು, ನನ್ನ ಚಾವಿ ತಿರುವುವ ಕೈ ನೋಯುವವರೆಗೆ. ಉಂಡಿ ತಿನ್ನುತ್ತ, ಜೋಕಾಲಿಗೆ ಹೋಗಿ ಬರುತ್ತ ಕೇಳಿದರು.

ಸಂಜೆ ನಾವು ಹೊರಟೆವು, ಪೆಟ್ಟಿಗೆ ಹೊರಡಲಿಲ್ಲ. "ಬಂದ ದಿನಾನ ಕಳಸ್ತಾರೇನ್ರಿ ಮಗಳನ್ನ?" ಎಂದಳು ದ್ಯಾಮವ್ವ. "ನೀವು ಕರಿಯಾಕ ಬರ್ರಿ. ಹಾಡೇತಿ, ಮಾತಿನಂಗ ಕಳಸ್ತೀನಿ." ಖಾಲಿ ಟೆಂಪೋದಲ್ಲಿ ಶೇಖರ ಸಿಳ್ಳೆಯಲ್ಲಿ ಆ ನಾಟಕದ ಹಾಡು ಹಾಕುತ್ತಿದ್ದ. ಮನೆಯಲ್ಲಿ ಪೆಟ್ಟಿಗೆಯ ಜಾಗ ಖಾಲಿಯಿದ್ದ ಆ ದಿನಗಳಲ್ಲಿ ಮೂರು ಪ್ಲೇಯರುಗಳಲ್ಲಿ ಒಂದನ್ನೂ ಹಚ್ಚಲಿಲ್ಲ ಎಂದು ಹೇಳಬೇಕೆನಿಸುತ್ತದೆ. ಅದು ನಿಜವೋ, ಕಥೆಗೆ ಒಪ್ಪುತ್ತದೆಂದು ಬಂದು ಕೂತ ಸಾಲೋ ಗೊತ್ತಿಲ್ಲ.

ಶ್ರಾವಣ ಮುಗಿಯುವ ಮೊದಲು ಕರೆಯಲು ಹೋದೆವು, ಹಣ್ಣು ಹಿಡಿದುಕೊಂಡು, ಬೀಗರ ಹಾಗೆಯೇ. ದ್ಯಾಮವ್ವ ಪೆಟ್ಟಿಗೆಯನ್ನು ಒರೆಸಿ ತಯಾರು ಮಾಡಿಟ್ಟಿದ್ದಳು. ಬುತ್ತಿಗೆ ಎಳ್ಳುಂಡಿ ಕಟ್ಟಿದಳು. ಆಮೇಲೆ ಒಳಗೆ ಹೋಗಿ ಮೊರ ಹಿಡಿದು ಬಂದಳು. ಮೊರದ ತುಂಬ ಅಕ್ಕಿ.

ಶೇಖರ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಎರಡು ತಿಂಗಳ ಸೀಮೆಎಣ್ಣೆ ಕಾಣಿಸಿತು. ಬೇಡ ಎಂದು ಆ ಮುದುಕಿಗೆ ಹೇಗೆ ಹೇಳುವುದು?

ದ್ಯಾಮವ್ವ ಬಗ್ಗುವಷ್ಟರಲ್ಲಿ ನಾನು ಪೆಟ್ಟಿಗೆಯ ಮುಚ್ಚಳ ಮುಚ್ಚಿ, ಅದರ ಪಕ್ಕದಲ್ಲಿ ಕೂತು, ಸೀರೆಯ ಸೆರಗು ಹಿಡಿದು ಒಡ್ಡಿದೆ. "ಇದರಾಗ ಹಾಕಬೇ" ಎಂದೆ. "ಆಕಿದೂ ನಾನ ಹೊರತೀನಿ."

ಅವಳು ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಮೊದಲು ಪೆಟ್ಟಿಗೆಗೆ, ಆಮೇಲೆ ನನ್ನ ಹಣೆಗೆ ಕುಂಕುಮ ಹಚ್ಚಿ ಬೊಗಸೆ ತುಂಬತೊಡಗಿದಳು. ಯಂತ್ರ ಉಳಿಸಲು ಅದೊಂದೇ ದಾರಿ ಹೊಳೆದಿತ್ತು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಶೇಖರನೂ ಅದನ್ನೇ ಹೇಳುತ್ತಾನೆ, ಈ ಒಂದು ಕಡೆ ಮಾತ್ರ "ಹಂಗಲ್ಲ" ಅನ್ನುವುದಿಲ್ಲ.

ಐದನೆಯ ಬೊಗಸೆಗೆ ಸೆರಗು ಭಾರವಾಗಿ ಎರಡೂ ಕೈಯಿಂದ ಹಿಡಿದುಕೊಂಡೆ. ಆ ಅಕ್ಕಿಯನ್ನು ಮನೆಗೆ ತಂದು, ಡಬ್ಬಿಯಲ್ಲಿ ಆರಿಸಿಟ್ಟಿದ್ದ ಹಳೆಯದನ್ನೂ ಬೆರೆಸಿ, ಪಾಯಸ ಮಾಡಿ ಉಂಡೆವು. ಸ್ವಲ್ಪ ಗ್ರೀಸಿನ ವಾಸನೆ ಇತ್ತು.